ಡಿಜಿಟಲ್ ಸಹಿ ಪರಿಶೀಲನೆ: ಮೈಸೂರು–ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಎರಡು ಥರದ ಜನಕ್ಕೆ. ಸಹಿ ಆದ ಪಿಡಿಎಫ್, ಮೇಲ್, ಇನ್‌ವಾಯ್ಸ್ ದಿನಾ ಕೈಗೆ ಬರುವವರು ಒಂದು ಕಡೆ: ಸರಸ್ವತಿಪುರಂನ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವರು, ಮಂಡ್ಯದ ಕಂಟ್ರಾಕ್ಟರ್‌ಗಳು, ತಾಲ್ಲೂಕು ಕಚೇರಿ ಪಕ್ಕದಲ್ಲಿ ಸೈಬರ್ ಸೆಂಟರ್ ನಡೆಸುವವರು. ಆ ಸಹಿಯನ್ನು ಪರಿಶೀಲಿಸುವ ಸಾಫ್ಟ್‌ವೇರ್ ಬರೆಯುವವರು ಇನ್ನೊಂದು ಕಡೆ. ಮೊದಲ ಭಾಗ ಎಲ್ಲರಿಗೂ. ಕೋಡ್ ಬರೆಯುವವರು ದಯವಿಟ್ಟು ಕೊನೆವರೆಗೂ ಓದಿ.

ಡಿಜಿಟಲ್ ಸಹಿ ಅಂದ್ರೆ ಸ್ಕ್ಯಾನ್ ಮಾಡಿ ಅಂಟಿಸಿದ ಸಹಿಯ ಚಿತ್ರವಾ?

ಅಲ್ಲ. ಚಿತ್ರವನ್ನು ಯಾರು ಬೇಕಾದರೂ ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಅಂಟಿಸಬಹುದು. ಡಿಜಿಟಲ್ ಸಹಿ ಒಂದು ಲೆಕ್ಕ. ಫೈಲಿನ ಎಲ್ಲ ಬೈಟ್‌ಗಳಿಂದ ಮೊದಲು ಒಂದು ಹ್ಯಾಶ್, ಅಂದರೆ ಆ ಫೈಲನ್ನು ಗುರುತಿಸುವ ಒಂದು ಸಂಖ್ಯೆ, ತೆಗೆಯುತ್ತಾರೆ. ಈಗ ಜಾಸ್ತಿ ಬಳಕೆಯಲ್ಲಿರುವ ಎಸ್‌ಎಚ್‌ಎ-256ರಲ್ಲಿ ಈ ಹ್ಯಾಶ್ 256 ಬಿಟ್ ಉದ್ದ. ಫೈಲು ಒಂದು ಪುಟದ್ದಿರಲಿ, ಸಾವಿರ ಪುಟದ್ದಿರಲಿ, ಉದ್ದ ಅಷ್ಟೇ. ಒಂದು ಅಲ್ಪವಿರಾಮ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಸಹಿ ಹಾಕುವವರು ತಮ್ಮ ಬಳಿ ಮಾತ್ರ ಇರುವ ಗುಟ್ಟಿನ ಸಂಖ್ಯೆ, ಅಂದರೆ ಖಾಸಗಿ ಕೀ, ಬಳಸಿ ಆ ಹ್ಯಾಶ್‌ಗೆ ಸಹಿ ಮಾಡುತ್ತಾರೆ. ಅದಕ್ಕೆ ಜೋಡಿಯಾದ ಸಾರ್ವಜನಿಕ ಕೀ ಇದ್ದವರು ಯಾರು ಬೇಕಾದರೂ ಸಹಿಯನ್ನು ತಾಳೆ ನೋಡಬಹುದು. ಆ ಸಾರ್ವಜನಿಕ ಕೀ ಇಂಥವರದು ಎಂದು ಹೇಳುವ ಪತ್ರವೇ ಸರ್ಟಿಫಿಕೇಟ್. ನಮ್ಮಲ್ಲಿ ಇದಕ್ಕೆ ಕಾನೂನಿನ ಬಲ ಬಂದಿದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರಿಂದ.

ಹಸಿರು ಟಿಕ್ ಬಂತು. ಇನ್ನು ಎಲ್ಲ ಸರಿ ಅಂತ ತಿಳ್ಕೊಬಹುದಾ?

ಇಡೀ ಪುಟದಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಟಿಕ್ ಒಂದೇ ಕಂಡರೂ ಅದರ ಹಿಂದೆ ಮೂರು ಬೇರೆ ಬೇರೆ ಪ್ರಶ್ನೆಗಳಿವೆ.

ಸಹಿ ಆದ ಮೇಲೆ ಫೈಲು ಬದಲಾಗಿದೆಯಾ? ಇದು ಬರೀ ಗಣಿತ. ಉತ್ತರ ಹೌದು ಅಥವಾ ಇಲ್ಲ, ನಡುವೆ ಏನೂ ಇಲ್ಲ. ಸಹಿ ಹಾಕಿದ ಕೀ ನಿಜವಾಗಿ ಯಾರದು? ಇದಕ್ಕೆ ಗಣಿತ ಉತ್ತರ ಕೊಡುವುದಿಲ್ಲ. ಯಾರೋ ಒಬ್ಬರು ಹೇಳಬೇಕು, ಅವರನ್ನು ನಾವು ನಂಬಬೇಕು. ಸಹಿ ಹಾಕಿದ ಹೊತ್ತಿನಲ್ಲಿ ಆ ಸರ್ಟಿಫಿಕೇಟ್ ಚಾಲ್ತಿಯಲ್ಲಿತ್ತಾ, ರದ್ದಾಗಿತ್ತಾ? ಇದಕ್ಕೆ ಹೊರಗಿನಿಂದ ಮಾಹಿತಿ ತರಬೇಕು.

ಈ ಮೂರನ್ನೂ ಒಂದೇ ಟಿಕ್‌ನಲ್ಲಿ ತುರುಕಿದ್ದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಬರೆದ ವಿಷಯ ಸತ್ಯವೋ ಸುಳ್ಳೋ ಅನ್ನೋದಂತೂ ಈ ಮೂರರಲ್ಲಿ ಎಲ್ಲೂ ಬರುವುದಿಲ್ಲ. ಸುಳ್ಳು ಬಿಲ್ಲಿಗೂ ಸರಿಯಾದ ಸಹಿ ಹಾಕಬಹುದು.

ಇ-ಆಧಾರ್ ತೆರೆದರೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ನಕಲಿನಾ?

ಹಾಗೇನಿಲ್ಲ. ಆ ಚಿಹ್ನೆಯ ಅರ್ಥ ‘ತಪ್ಪು’ ಅಂತಲ್ಲ, ‘ನನಗೆ ತೀರ್ಮಾನಿಸಲು ಆಗುತ್ತಿಲ್ಲ’ ಅಂತ. ಒಂದು ಸರ್ಟಿಫಿಕೇಟ್‌ಗೆ ಅದನ್ನು ಕೊಟ್ಟ ಸಂಸ್ಥೆ ಸಹಿ ಹಾಕಿರುತ್ತದೆ, ಆ ಸಂಸ್ಥೆಯ ಸರ್ಟಿಫಿಕೇಟ್‌ಗೆ ಅದರ ಮೇಲಿನವರು. ಇದೇ ಸರಪಳಿ. ಭಾರತದ ಸರ್ಟಿಫಿಕೇಟ್‌ಗಳ ಸರಪಳಿಯ ತುದಿಯಲ್ಲಿರುವುದು ಸಿಸಿಎ, ಅಂದರೆ ಸರ್ಟಿಫೈಯಿಂಗ್ ಅಥಾರಿಟಿಗಳ (ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳ) ನಿಯಂತ್ರಕರು. ಅವರ ಮೂಲ ಸರ್ಟಿಫಿಕೇಟ್ ‘ಸಿಸಿಎ ಇಂಡಿಯಾ 2014’, ‘ಸಿಸಿಎ ಇಂಡಿಯಾ 2022’ ಇಂಥ ಹೆಸರಲ್ಲಿ ಇರುತ್ತದೆ. ನಿಮ್ಮ ಅಡೋಬಿ ರೀಡರ್‌ನ ನಂಬಿಕೆಯ ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಸರಪಳಿ ಎಲ್ಲಿಗೂ ತಲುಪುವುದಿಲ್ಲ, ಅದಕ್ಕೇ ಪ್ರಶ್ನಾರ್ಥಕ.

ಎಲ್ಲರೂ ಹೇಳಿಕೊಡುವ ದಾರಿ ಹೀಗಿರುತ್ತದೆ: ಸಹಿಯ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಸರ್ಟಿಫಿಕೇಟ್ ತೋರಿಸು, ಟ್ರಸ್ಟ್ ಟ್ಯಾಬ್, ‘ನಂಬಿದ ಪಟ್ಟಿಗೆ ಸೇರಿಸು’, ಓಕೆ, ಓಕೆ. ಹಸಿರು ಟಿಕ್ ಬರುತ್ತದೆ. ಆದರೆ ಇಲ್ಲಿ ಏನಾಯಿತು ನೋಡಿ. ‘ಇವರನ್ನು ನಂಬಬಹುದಾ?’ ಎಂದು ಸಾಫ್ಟ್‌ವೇರ್ ನಿಮ್ಮನ್ನು ಕೇಳಿತು. ನೀವು ಏನೂ ನೋಡದೆ ಹೌದು ಅಂದಿರಿ. ನೀವು ಹೇಳಿದ್ದನ್ನೇ ಅದು ಹಸಿರು ಬಣ್ಣದಲ್ಲಿ ನಿಮಗೆ ವಾಪಸ್ ತೋರಿಸಿತು. ನಕಲಿ ಫೈಲಿಗೂ ಇದೇ ಕ್ಲಿಕ್‌ಗಳಿಂದ ಇದೇ ಟಿಕ್ ಬರುತ್ತದೆ.

ಸರಿಯಾದ ದಾರಿ ಜಾಸ್ತಿ ದೂರವೇನಿಲ್ಲ. ಸರ್ಟಿಫಿಕೇಟ್ ತೆರೆದಾಗ ಎಡಗಡೆ ಪೂರ್ತಿ ಸರಪಳಿ ಕಾಣುತ್ತದೆ. ತುದಿಯಲ್ಲಿ ಸಿಸಿಎ ಇಂಡಿಯಾ ಇದೆಯಾ ನೋಡಿ. ಹೆಸರು ಇದ್ದರೆ ಸಾಲದು, ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಸಿಸಿಎ ತನ್ನ ಮೂಲ ಸರ್ಟಿಫಿಕೇಟ್‌ಗಳನ್ನು ತನ್ನ ಸೈಟಿನಲ್ಲೇ ಇಟ್ಟಿದೆ. ಅಲ್ಲಿಂದ ಇಳಿಸಿಕೊಂಡು ಎರಡರ ಬೆರಳಚ್ಚನ್ನೂ (ಫಿಂಗರ್‌ಪ್ರಿಂಟ್, ಅಂದರೆ ಸರ್ಟಿಫಿಕೇಟ್‌ನ ಹ್ಯಾಶ್) ತಾಳೆ ನೋಡಿ. ಸರಿ ಹೊಂದಿದರೆ ಮೂಲವನ್ನು ಒಮ್ಮೆ ನಂಬಿದ ಪಟ್ಟಿಗೆ ಸೇರಿಸಿ. ಆಮೇಲೆ ಅದೇ ಸರಪಳಿಯ ಪ್ರತಿ ಫೈಲಿಗೂ ಟಿಕ್ ತಾನಾಗಿ ಬರುತ್ತದೆ. ಟಿಕ್ ಬಾರದ ಫೈಲು ಸಿಕ್ಕಾಗ ಅದನ್ನು ನಿಜವಾಗಿಯೂ ಅನುಮಾನಿಸಬಹುದು.

ಸೈಬರ್ ಸೆಂಟರ್‌ನಲ್ಲಿ ಹಸಿರು ಟಿಕ್ ಮಾಡಿಸಿ ಪ್ರಿಂಟ್ ತನ್ನಿ ಅಂತಾರೆ. ಅದರಿಂದ ಏನು ಉಪಯೋಗ?

ಕಾಗದದ ಮೇಲಿನ ಹಸಿರು ಟಿಕ್‌ಗೆ ಯಾವ ಬೆಲೆಯೂ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಸಹಿ ಇರುವುದು ಫೈಲಿನ ಬೈಟ್‌ಗಳಲ್ಲಿ. ಪ್ರಿಂಟ್ ಆದ ಕೂಡಲೇ ಆ ಬೈಟ್‌ಗಳು ಇಲ್ಲ, ಶಾಯಿ ಮಾತ್ರ ಉಳಿಯುತ್ತದೆ. ಆ ಟಿಕ್ ನೋಡಿ ಕಾಗದ ಸ್ವೀಕರಿಸುವವರು ಬೇರೆ ಯಾರದೋ ಕಂಪ್ಯೂಟರ್‌ನಲ್ಲಿ ಯಾರೋ ಒತ್ತಿದ ಓಕೆಯನ್ನು ನಂಬುತ್ತಿದ್ದಾರೆ ಅಷ್ಟೇ. ಹಳ್ಳಿಯಿಂದ ಬಸ್ ಹತ್ತಿ ಬಂದ ರೈತನನ್ನು ‘ಟಿಕ್ ಇಲ್ಲ, ಹೋಗಿ ಮಾಡಿಸಿಕೊಂಡು ಬಾ’ ಎಂದು ವಾಪಸ್ ಕಳಿಸುವುದು ನನ್ನ ಪ್ರಕಾರ ಅನ್ಯಾಯ. ಆ ಓಡಾಟದಿಂದ ಯಾರ ಸುರಕ್ಷತೆಯೂ ಹೆಚ್ಚುವುದಿಲ್ಲ.

ಫೈಲು ಬೇಕಾದವರು ಫೈಲನ್ನೇ ಕೇಳಿ ಪಡೆಯಬೇಕು, ತಮ್ಮ ಕಂಪ್ಯೂಟರ್‌ನಲ್ಲೇ ಪರಿಶೀಲಿಸಬೇಕು. ಕಾಗದವೇ ಬೇಕು ಅಂದರೆ ಅದರ ಮೇಲಿನ ಸಂಖ್ಯೆಯನ್ನು ಸರ್ಕಾರಿ ಸೈಟಿನಲ್ಲಿ ಹಾಕಿ ನೋಡಬೇಕು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳ ಮೇಲಿನ ‘ಆರ್‌ಡಿ’ ಸಂಖ್ಯೆ ಇರುವುದು ಇದಕ್ಕೇ.

ಸ್ಕ್ರೀನ್ ಮೇಲೆ ನೋಡುವಾಗಲೂ ಒಂದು ಎಚ್ಚರ ಬೇಕು. ಪುಟದ ಮೇಲೆ ಕಾಣುವ ಟಿಕ್ ಚಿತ್ರವೂ ಆಗಿರಬಹುದು. ಪುಟದ ಹೊರಗೆ ಇರುವ ಸಿಗ್ನೇಚರ್ ಪ್ಯಾನೆಲ್ ತೆರೆದು ಅಲ್ಲಿ ಬರೆದದ್ದನ್ನು ಓದಿ. ಕ್ರೋಮ್‌ನಲ್ಲಿ ಪಿಡಿಎಫ್ ತೆರೆದರೆ ಸಹಿಯ ಪರಿಶೀಲನೆ ಆಗುವುದೇ ಇಲ್ಲ.

ಪೋರ್ಟಲ್‌ನಲ್ಲಿ 500 ಕೆಬಿ ಮಿತಿ ಇತ್ತು, ಫೈಲನ್ನು ಕಂಪ್ರೆಸ್ ಮಾಡಿದೆವು. ಸಹಿ ಹೋಯಿತಲ್ಲ!

ಹೋಗಲೇಬೇಕು. ಕಂಪ್ರೆಸ್ ಮಾಡುವುದು, ಎರಡು ಪಿಡಿಎಫ್ ಸೇರಿಸುವುದು, ಪುಟ ತೆಗೆಯುವುದು, ‘ಪ್ರಿಂಟ್ ಟು ಪಿಡಿಎಫ್’ ಕೊಡುವುದು, ಎಲ್ಲವೂ ಹೊಸ ಫೈಲು ಹುಟ್ಟಿಸುತ್ತವೆ. ಮೊದಲು ಕಂಪ್ರೆಸ್ ಮಾಡಿ, ಆಮೇಲೆ ಸಹಿ ಹಾಕಿಸಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಎಂದೇ ಕಳಿಸಿ, ಫೋಟೋ ತೆಗೆದು ಕಳಿಸಬೇಡಿ. ಮೂಲ ಫೈಲನ್ನು ಯಾವಾಗಲೂ ಬೇರೆ ಫೋಲ್ಡರ್‌ನಲ್ಲಿ ಮುಟ್ಟದೆ ಇಡಿ.

ನಮ್ಮ ಡಿಎಸ್‌ಸಿ ಟೋಕನ್ ಆಡಿಟರ್ ಹತ್ತಿರಾನೇ ಇರುತ್ತೆ. ತೊಂದರೆ ಇದೆಯಾ?

ಇದೆ. ಡಿಎಸ್‌ಸಿ ಅಂದರೆ ಡಿಜಿಟಲ್ ಸಿಗ್ನೇಚರ್ ಸರ್ಟಿಫಿಕೇಟ್, ಟೋಕನ್ ಅಂದರೆ ಅದರ ಖಾಸಗಿ ಕೀ ಇರುವ ಯುಎಸ್‌ಬಿ ಸಾಧನ. ಸಹಿ ಪರಿಶೀಲಿಸುವವರಿಗೆ ಗೊತ್ತಾಗುವುದು ‘ಈ ಕೀಯಿಂದ ಸಹಿ ಆಗಿದೆ’ ಎಂದು ಮಾತ್ರ. ಟೋಕನ್ ಯಾರ ಕೈಯಲ್ಲಿತ್ತು ಅನ್ನೋದು ಯಾವ ಸಾಫ್ಟ್‌ವೇರಿಗೂ ಕಾಣುವುದಿಲ್ಲ. ಖಾಸಗಿ ಕೀ ತಮ್ಮ ಹಿಡಿತದಲ್ಲೇ ಇರುವಂತೆ ನೋಡಿಕೊಳ್ಳುವುದು ಸರ್ಟಿಫಿಕೇಟ್ ಪಡೆದವರ ಹೊಣೆ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತದೆ. ಆಡಿಟರ್ ಒಳ್ಳೆಯವರೇ ಇರಬಹುದು. ಆದರೆ ಟೋಕನ್ ಮೇಲೆ ಚೀಟಿ ಅಂಟಿಸಿ ಅದರಲ್ಲೇ ಪಿನ್ ಬರೆದಿಟ್ಟರೆ ಆಫೀಸಿಗೆ ಬಂದು ಹೋಗುವ ಎಲ್ಲರೂ ನಿಮ್ಮ ಹೆಸರಲ್ಲಿ ಸಹಿ ಹಾಕಬಲ್ಲರು. ಕನಿಷ್ಠ ಪಿನ್ ಆದರೂ ನಿಮ್ಮ ಹತ್ತಿರವೇ ಇರಲಿ. ಕಳೆದುಹೋದರೆ ಅದೇ ದಿನ ರದ್ದು ಮಾಡಿಸಿ.

ಮೇಲ್ ಜೊತೆ ‘ಎಸ್‌ಮೈಮ್ ಡಾಟ್ ಪಿ7ಎಸ್’ ಅಂತ ಫೈಲು ಬಂದಿದೆ. ವೈರಸ್ಸಾ?

ಅದು ಆ ಮೇಲ್‌ನ ಸಹಿ. ಎಸ್/ಮೈಮ್ ಎಂಬ ಪದ್ಧತಿಯಲ್ಲಿ ಸಹಿ ಮಾಡಿದ ಮೇಲ್‌ಗೆ ಹೀಗೊಂದು ಸಣ್ಣ ಫೈಲು ಅಂಟಿಕೊಂಡು ಬರುತ್ತದೆ. ಅದರೊಳಗೆ ಸಹಿ ಮತ್ತು ಕಳಿಸಿದವರ ಸರ್ಟಿಫಿಕೇಟ್ ಇರುತ್ತವೆ. ನಿಮ್ಮ ಮೇಲ್ ಸಾಫ್ಟ್‌ವೇರಿಗೆ ಈ ಪದ್ಧತಿ ಗೊತ್ತಿಲ್ಲದಿದ್ದರೆ ಅದನ್ನು ಬರೀ ಅಟ್ಯಾಚ್‌ಮೆಂಟ್ ಥರ ತೋರಿಸುತ್ತದೆ. ಔಟ್‌ಲುಕ್, ಥಂಡರ್‌ಬರ್ಡ್ ಎರಡೂ ಇದನ್ನು ಓದಬಲ್ಲವು. ಪಿಜಿಪಿ ಎಂಬುದು ಬೇರೆ ಪದ್ಧತಿ. 1991ರಲ್ಲಿ ಫಿಲ್ ಜಿಮ್ಮರ್‌ಮನ್ ಬರೆದದ್ದು. ಅದರಲ್ಲಿ ಸಿಸಿಎ ಥರದ ಮೇಲಿನವರು ಇರುವುದಿಲ್ಲ, ಪರಿಚಯದವರು ಒಬ್ಬರ ಕೀಗೆ ಇನ್ನೊಬ್ಬರು ಸಾಕ್ಷಿ ಹಾಕುತ್ತಾರೆ. ಥಂಡರ್‌ಬರ್ಡ್ 78ನೇ ಆವೃತ್ತಿಯಿಂದ ಇದೂ ಒಳಗೇ ಬಂದಿದೆ.

ಸಹಿ ಸರಿ ಇದೆ ಅನ್ನುತ್ತೆ, ಆದರೆ ಸರ್ಟಿಫಿಕೇಟ್‌ನಲ್ಲಿ ಬೇರೆ ಮೇಲ್ ವಿಳಾಸ ಇದೆ.

ಹಾಗಿದ್ದರೆ ಆ ಮೇಲ್ ಮೇಲೆ ಹಣದ ವ್ಯವಹಾರ ಮಾಡಬೇಡಿ, ಫೋನ್ ಮಾಡಿ ವಿಚಾರಿಸಿ. ಸಾಮಾನ್ಯ ಎಸ್/ಮೈಮ್ ಸಹಿ ಮೇಲ್‌ನ ಒಳಗಿನ ಬರಹವನ್ನು ಮಾತ್ರ ಕಾಯುತ್ತದೆ. ಯಾರಿಂದ, ವಿಷಯ, ದಿನಾಂಕ ಎಂಬ ಮೇಲಿನ ಸಾಲುಗಳು ಅದರ ವ್ಯಾಪ್ತಿಯಲ್ಲಿ ಇರುವುದಿಲ್ಲ. ಯಾರೋ ತಮ್ಮದೇ ಸರ್ಟಿಫಿಕೇಟ್‌ನಿಂದ ಸಹಿ ಮಾಡಿ, ‘ಯಾರಿಂದ’ ಜಾಗದಲ್ಲಿ ನಿಮ್ಮ ಸಪ್ಲೈಯರ್ ವಿಳಾಸ ಹಾಕಿರಬಹುದು. ಎರಡೂ ವಿಳಾಸ ಹೊಂದುತ್ತವೆಯಾ ಎಂದು ನೋಡುವುದು ಸಾಫ್ಟ್‌ವೇರ್‌ನ ಕೆಲಸ. ಎಲ್ಲ ಸಾಫ್ಟ್‌ವೇರ್‌ಗಳೂ ಅದನ್ನು ಚೆನ್ನಾಗಿ ಮಾಡುವುದಿಲ್ಲ.

ಡಿಕಿಮ್ ಪಾಸ್ ಆಗಿದ್ದರೆ ಸಾಲದಾ?

ಡಿಕಿಮ್ ಸಹಿ ಹಾಕುವುದು ಮೇಲ್ ಸರ್ವರ್, ವ್ಯಕ್ತಿಯಲ್ಲ. ಈ ಡೊಮೇನ್‌ನವರು ಈ ಮೇಲ್‌ಗೆ ಸಹಿ ಹಾಕಿದ್ದಾರೆ ಎಂದಷ್ಟೇ ಅದು ಹೇಳುತ್ತದೆ. ಆಫೀಸಿನಲ್ಲಿ ಯಾರು ಬರೆದರು ಎಂದು ಹೇಳುವುದಿಲ್ಲ.

ಸರ್ಟಿಫಿಕೇಟ್ ಅವಧಿ ಮುಗಿದಿದೆ. ಹಳೇ ಟೆಂಡರ್ ಪತ್ರದ ಸಹಿ ಬಿದ್ದುಹೋಯಿತಾ?

ಬೀಳಬೇಕಾಗಿಲ್ಲ. ನಮ್ಮಲ್ಲಿ ಡಿಎಸ್‌ಸಿ ಹೆಚ್ಚೆಂದರೆ 3 ವರ್ಷಕ್ಕೆ ಸಿಗುತ್ತದೆ. ಕರಾರು ಪತ್ರ ಹತ್ತು ವರ್ಷ ಇಡಬೇಕಾಗಬಹುದು. ಅವಧಿ ಮುಗಿದ ಕೂಡಲೇ ಹಳೇ ಸಹಿಗಳೆಲ್ಲ ಸತ್ತವು ಅಂದರೆ ಯಾವ ದಾಖಲೆಯೂ ಉಳಿಯುವುದಿಲ್ಲ. ಕೇಳಬೇಕಾದ ಪ್ರಶ್ನೆ ಇದು: ಸಹಿ ಹಾಕಿದ ದಿನ ಸರ್ಟಿಫಿಕೇಟ್ ಚಾಲ್ತಿಯಲ್ಲಿತ್ತಾ?

ಆದರೆ ಸಹಿ ಹಾಕಿದ ದಿನ ಯಾವುದು ಅಂತ ಯಾರು ಹೇಳುತ್ತಾರೆ? ಫೈಲಿನಲ್ಲಿ ಬರೆದಿರುವ ಸಮಯ ಸಹಿ ಹಾಕಿದವರ ಕಂಪ್ಯೂಟರ್‌ನ ಗಡಿಯಾರದ್ದು. ಅದನ್ನು ಎರಡು ವರ್ಷ ಹಿಂದಕ್ಕೆ ತಿರುಗಿಸುವುದು ಕಷ್ಟದ ಕೆಲಸವಲ್ಲ. ಅದಕ್ಕೇ ಟೈಮ್‌ಸ್ಟ್ಯಾಂಪ್ ಎಂಬ ವ್ಯವಸ್ಥೆ ಇದೆ. ಹೊರಗಿನ ಸರ್ವರ್ ಒಂದು ನಿಮ್ಮ ಸಹಿಯ ಹ್ಯಾಶ್ ತೆಗೆದುಕೊಂಡು, ಅದಕ್ಕೆ ಸಮಯ ಸೇರಿಸಿ, ತನ್ನ ಸಹಿ ಹಾಕಿ ಕೊಡುತ್ತದೆ. 2001ರ ಆರ್‌ಎಫ್‌ಸಿ 3161 ಎಂಬ ಇಂಟರ್‌ನೆಟ್ ಮಾನದಂಡದಲ್ಲಿ ಇದರ ವಿವರ ಇದೆ. ಬಹಳ ವರ್ಷ ಇಡಬೇಕಾದ ದಾಖಲೆಗೆ ಟೈಮ್‌ಸ್ಟ್ಯಾಂಪ್ ಜೊತೆಗೆ, ಆ ಹೊತ್ತಿಗೆ ಸರ್ಟಿಫಿಕೇಟ್ ರದ್ದಾಗಿರಲಿಲ್ಲ ಎಂಬ ಪುರಾವೆಯನ್ನೂ ಫೈಲಿನೊಳಗೇ ಇಡಬೇಕು. ಅಡೋಬಿಯಲ್ಲಿ ಯಾವ ಸಮಯ ಹಿಡಿದು ಪರಿಶೀಲಿಸಬೇಕು ಎಂಬ ಆಯ್ಕೆ ಇದೆ: ಸಹಿ ಹಾಕಿದ ಸಮಯ, ಟೈಮ್‌ಸ್ಟ್ಯಾಂಪ್‌ನ ಸಮಯ, ಈಗಿನ ಸಮಯ. ಒಂದೇ ಫೈಲು ಎರಡು ಕಂಪ್ಯೂಟರ್‌ನಲ್ಲಿ ಎರಡು ಥರ ಕಂಡರೆ ಮೊದಲು ಇಲ್ಲಿ ನೋಡಿ.

ಸಿಸಿಎ ಸರಪಳಿ ಅಂದರೆ ಕಣ್ಣು ಮುಚ್ಚಿ ನಂಬಬಹುದಲ್ವಾ? ಸರ್ಕಾರದ್ದೇ ತಾನೇ?

2014ರಲ್ಲಿ ಏನಾಯಿತು ಅಂತ ತಿಳಿದುಕೊಂಡರೆ ಒಳ್ಳೆಯದು. ಆ ಜುಲೈ 2ರಂದು ಗೂಗಲ್ ತನ್ನ ಡೊಮೇನ್‌ಗಳ ಹೆಸರಿನಲ್ಲಿ ತಾನು ಕೇಳದೇ ಇದ್ದ ಸರ್ಟಿಫಿಕೇಟ್‌ಗಳನ್ನು ಕಂಡಿತು. ಅವು ಬಂದದ್ದು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆಯಾದ ಎನ್‌ಐಸಿಯ ಸರ್ಟಿಫೈಯಿಂಗ್ ಅಥಾರಿಟಿಯಿಂದ. ಎನ್‌ಐಸಿ ಇದ್ದದ್ದು ಸಿಸಿಎ ಸರಪಳಿಯಲ್ಲಿ. ಮರುದಿನವೇ ಸಿಸಿಎ ಎನ್‌ಐಸಿಯ ಮಧ್ಯದ ಕೊಂಡಿಯ (ಇಂಟರ್‌ಮೀಡಿಯೆಟ್) ಸರ್ಟಿಫಿಕೇಟ್‌ಗಳನ್ನು ರದ್ದು ಮಾಡಿತು. ಮೈಕ್ರೋಸಾಫ್ಟ್ ವಿಂಡೋಸ್‌ನಿಂದ ಅವುಗಳ ನಂಬಿಕೆ ತೆಗೆಯಿತು. ಕ್ರೋಮ್ ಸಿಸಿಎ ಸರಪಳಿಯನ್ನು ಕೆಲವೇ ಭಾರತೀಯ ಡೊಮೇನ್‌ಗಳಿಗೆ ಸೀಮಿತ ಮಾಡಿತು. ಫೈರ್‌ಫಾಕ್ಸ್‌ಗೆ ತೊಂದರೆ ಆಗಲಿಲ್ಲ, ಏಕೆಂದರೆ ಅದರ ಸ್ವಂತ ಪಟ್ಟಿಯಲ್ಲಿ ಸಿಸಿಎ ಇರಲೇ ಇಲ್ಲ.

ಹಾಗಂತ ಸಿಸಿಎಯನ್ನು ನಂಬಬೇಡಿ ಅಂತಲ್ಲ. ಮರುದಿನವೇ ರದ್ದು ಮಾಡಿದ್ದು ವ್ಯವಸ್ಥೆ ಕೆಲಸ ಮಾಡಿದ್ದರ ಗುರುತು. ಆದರೆ ರದ್ದಾದ ಸುದ್ದಿ ನಿಮ್ಮ ಕಂಪ್ಯೂಟರ್‌ಗೆ ತಲುಪಬೇಕಲ್ಲ? ರದ್ದಾದವುಗಳ ಪಟ್ಟಿಯನ್ನು, ಅಂದರೆ ಸಿಆರ್‌ಎಲ್ ಅನ್ನು, ಇಳಿಸಿಕೊಂಡು ನೋಡಬೇಕು. ಇಲ್ಲವೇ ಓಸಿಎಸ್‌ಪಿ ಮೂಲಕ ಆ ಒಂದು ಸರ್ಟಿಫಿಕೇಟ್ ಬಗ್ಗೆ ನೇರವಾಗಿ ಕೇಳಬೇಕು. ಇಂಟರ್‌ನೆಟ್ ಇಲ್ಲದೆ ಮಾಡಿದ ಪರಿಶೀಲನೆ ಅರ್ಧ ಪರಿಶೀಲನೆ.

ಕನ್ನಡದಲ್ಲಿ ಬರೆದ ಮೇಲ್‌ಗಳ ಸಹಿ ಮಾತ್ರ ಮುರಿಯುತ್ತಿದೆ. ಯಾಕೆ?

ಸಹಿಗೆ ಅಕ್ಷರ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. ಮದ್ದೂರು ತಾಲ್ಲೂಕಿನ ‘ಕೊಪ್ಪ’ ತೆಗೆದುಕೊಳ್ಳಿ. ಯುನಿಕೋಡ್‌ನಲ್ಲಿ ‘ಕೊ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಅದನ್ನೇ ‘ಎ’ ಚಿಹ್ನೆ, ‘ಊ’ ಚಿಹ್ನೆ ಎಂದು ಎರಡು ಸಂಕೇತವಾಗಿಯೂ ಬರೆಯಬಹುದು. ಸ್ಕ್ರೀನ್ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಯುಟಿಎಫ್-8ರಲ್ಲಿ ಮೊದಲನೆಯದು 15 ಬೈಟ್, ಎರಡನೆಯದು 18 ಬೈಟ್. ದಾರಿಯಲ್ಲಿ ಯಾವುದೋ ಸಾಫ್ಟ್‌ವೇರ್ ಒಂದನ್ನು ಇನ್ನೊಂದಾಗಿ ‘ಸರಿಪಡಿಸಿದರೆ’ ಸಹಿ ಮುರಿಯಿತು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ನಡುವೆ ಬರುವ ಕಾಣದ ಸಂಕೇತವನ್ನು ಕಸ ಎಂದು ತೆಗೆದರೂ ಅಷ್ಟೇ. ನುಡಿಯ ಹಳೇ ಫಾಂಟಿನಲ್ಲಿದ್ದ ಸಹಿಯಾದ ಫೈಲನ್ನು ಯುನಿಕೋಡ್‌ಗೆ ಬದಲಾಯಿಸಿದರಂತೂ ಒಂದು ಬೈಟೂ ಹಳೆಯದಾಗಿ ಉಳಿಯುವುದಿಲ್ಲ ಎಂದೇ ತಿಳಿಯಿರಿ.

ಇಂಗ್ಲಿಷ್ ಮೇಲ್‌ಗಳಲ್ಲೂ ಸಹಿ ಮುರಿಯುತ್ತದೆ. ಆಂಟಿವೈರಸ್ ಕೊನೆಯಲ್ಲಿ ಸೇರಿಸುವ ‘ಸ್ಕ್ಯಾನ್ ಆಗಿದೆ’ ಸಾಲು, ಆಫೀಸಿನ ಸರ್ವರ್ ಅಂಟಿಸುವ ಎಚ್ಚರಿಕೆ, ಸಾಲಿನ ಕೊನೆಯ ಖಾಲಿ ಜಾಗ ಕಾರಣವಾಗಿರುತ್ತವೆ. ಪರಿಹಾರ ಒಂದೇ: ಸಹಿಗೆ ಮುಂಚೆ ಬೇಕಾದ್ದು ಮಾಡಿ, ಸಹಿ ಆದ ಮೇಲೆ ಏನೂ ಮುಟ್ಟಬೇಡಿ. ಕಳಿಸುವಾಗ ಬೇಸ್64ರಲ್ಲಿ, ಅಂದರೆ ಬೈಟ್‌ಗಳನ್ನು ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳಾಗಿ ಬರೆಯುವ ರೂಪದಲ್ಲಿ, ಸುತ್ತಿದರೆ ದಾರಿಯಲ್ಲಿ ಕೈ ಹಾಕುವವರು ಕಡಿಮೆ.

ಇ-ಇನ್‌ವಾಯ್ಸ್ ಮೇಲಿನ ಕ್ಯೂಆರ್ ಸ್ಕ್ಯಾನ್ ಆಗುತ್ತಿದೆ. ಬಿಲ್ ಸರಿ ಇದೆ ಅಂತಾನಾ?

ಸ್ಕ್ಯಾನ್ ಆಗುವುದಕ್ಕೂ ಪರಿಶೀಲನೆ ಆಗುವುದಕ್ಕೂ ಸಂಬಂಧವಿಲ್ಲ. ಯಾವ ಕ್ಯೂಆರ್ ಬೇಕಾದರೂ ಸ್ಕ್ಯಾನ್ ಆಗುತ್ತದೆ. ಆ ಕ್ಯೂಆರ್ ಒಳಗೆ ಜೆಡಬ್ಲ್ಯುಟಿ (ಸಹಿ ಸಮೇತ ಮಾಹಿತಿ ಕಟ್ಟಿಡುವ ಒಂದು ರೂಪ) ಆಗಿ ಸಹಿ ಆದ ಮಾಹಿತಿ ಇದೆ. ಇನ್‌ವಾಯ್ಸ್ ಪೋರ್ಟಲ್‌ನ ಸಾರ್ವಜನಿಕ ಕೀಯಿಂದ ಅದನ್ನು ತಾಳೆ ನೋಡಬೇಕು. ಎನ್‌ಐಸಿಯ ಆ್ಯಪ್ ಇದನ್ನು ಮಾಡುತ್ತದೆ. ಒಳಗೆ ಇರುವುದು ಎರಡೂ ಕಡೆಯ ಜಿಎಸ್‌ಟಿ ಸಂಖ್ಯೆ, ಬಿಲ್ ಸಂಖ್ಯೆ, ದಿನಾಂಕ, ಒಟ್ಟು ಮೊತ್ತ, ಎಷ್ಟು ಐಟಂ, ಮುಖ್ಯ ಐಟಂನ ಎಚ್‌ಎಸ್‌ಎನ್ (ಸರಕಿನ ವರ್ಗದ ಸಂಖ್ಯೆ), ಐಆರ್‌ಎನ್ (ಇನ್‌ವಾಯ್ಸ್ ನೋಂದಣಿ ಸಂಖ್ಯೆ) ಇಂಥವು. ಪ್ರತಿ ಐಟಂನ ದರ ಅದರಲ್ಲಿ ಇಲ್ಲ. ಅಂದರೆ ಕಾಗದದ ಮೇಲಿನ ದರಗಳಿಗೆ ಆ ಸಹಿ ಜವಾಬ್ದಾರನಲ್ಲ. ಕೋಡ್ ಬರೆಯುವವರಿಗೆ: ಯಾವ ವಿಧಾನದಲ್ಲಿ ಪರಿಶೀಲಿಸಬೇಕು ಎಂಬುದನ್ನು ಜೆಡಬ್ಲ್ಯುಟಿಯ ತಲೆಬರಹದಿಂದ ಓದಿ ನಿರ್ಧರಿಸಬೇಡಿ. ಅಲ್ಲಿ ‘ಸಹಿಯೇ ಬೇಡ’ ಎಂದು ಬರೆದು ಕಳಿಸಿದ ಜೆಡಬ್ಲ್ಯುಟಿಗಳನ್ನು ಒಪ್ಪಿಕೊಂಡ ಲೈಬ್ರರಿಗಳು ಇದ್ದವು. ವಿಧಾನವನ್ನು ನಿಮ್ಮ ಕಡೆಯೇ ಗಟ್ಟಿ ಮಾಡಿ ಇಡಿ.

ಲೈಬ್ರರಿ ‘ಓಕೆ’ ಅಂತ ಉತ್ತರ ಕೊಡುತ್ತಿದೆ. ನಮ್ಮ ಕೋಡ್ ಇನ್ನೇನು ನೋಡಬೇಕು?

ಬಹಳ ಇದೆ, ಆತುರ ಬೇಡ.

ಮೊದಲು, ಆ ‘ಓಕೆ’ ಯಾವುದಕ್ಕೆ ಎಂದು ಕೈಪಿಡಿಯಲ್ಲಿ ಓದಿ. ಸಹಿ ಪರಿಶೀಲನೆಗೆ ಬಳಸುವ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯಲ್ಲಿ ‘ನೋವೆರಿಫೈ’ ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ ಸಹಿಯ ಲೆಕ್ಕ ನಡೆಯುತ್ತದೆ, ಸರ್ಟಿಫಿಕೇಟ್‌ನ ಪರಿಶೀಲನೆ ನಡೆಯುವುದಿಲ್ಲ. ಟೆಸ್ಟಿಂಗ್‌ನಲ್ಲಿ ಸ್ವಂತ ತಯಾರಿಸಿದ ಸರ್ಟಿಫಿಕೇಟ್ ಬಳಸುವಾಗ ಇದನ್ನು ಹಾಕುತ್ತಾರೆ, ಹಾಗೇ ಪ್ರೊಡಕ್ಷನ್‌ಗೆ ಹೋಗುತ್ತದೆ. ಆಗ ‘ತಹಶೀಲ್ದಾರ್, ಮಂಡ್ಯ’ ಎಂದು ಯಾರು ಬೇಕಾದರೂ ಮನೆಯಲ್ಲೇ ಸರ್ಟಿಫಿಕೇಟ್ ಮಾಡಿ ಸಹಿ ಹಾಕಬಹುದು, ನಿಮ್ಮ ಸಾಫ್ಟ್‌ವೇರ್ ಓಕೆ ಅನ್ನುತ್ತದೆ. ಸಂದೇಶದ ಜೊತೆ ಬಂದ ಸರ್ಟಿಫಿಕೇಟ್ ಕಳಿಸಿದವರು ಕೊಟ್ಟದ್ದು ಅನ್ನೋದು ಸದಾ ನೆನಪಿರಲಿ.

ಎಷ್ಟು ಸಹಿ ಇವೆ ಎಂದು ಎಣಿಸಿ. ಎಸ್/ಮೈಮ್ ಬಳಸುವ ಸಿಎಂಎಸ್ ರಚನೆಯಲ್ಲಿ ಸಹಿ ಮಾಡಿದವರ ಪಟ್ಟಿ ಖಾಲಿ ಇರಲು ಅವಕಾಶವಿದೆ. ‘ಪ್ರತಿ ಸಹಿಯನ್ನೂ ನೋಡು, ಯಾವುದೂ ತಪ್ಪಿಲ್ಲದಿದ್ದರೆ ಓಕೆ’ ಎಂದು ಲೂಪ್ ಬರೆದರೆ ಸೊನ್ನೆ ಸಹಿಯ ಸಂದೇಶ ಸಲೀಸಾಗಿ ಪಾಸ್ ಆಗುತ್ತದೆ.

ನಂಬುವ ಮೂಲಗಳನ್ನು ನೀವೇ ಆರಿಸಿ. ಸರ್ಕಾರಿ ದಾಖಲೆ ಮಾತ್ರ ಬರುವ ಕಡೆ ವಿಂಡೋಸ್‌ನ ಇಡೀ ಪಟ್ಟಿಯನ್ನು ಯಾಕೆ ನಂಬಬೇಕು? ಸಿಸಿಎ ಮೂಲಗಳನ್ನು ಮಾತ್ರ ಇಡಿ. ಸರ್ಟಿಫಿಕೇಟ್ ಯಾವ ಉದ್ದೇಶಕ್ಕೆ ಕೊಟ್ಟದ್ದು ಎಂಬುದನ್ನೂ ನೋಡಿ. ವೆಬ್ ಸರ್ವರ್‌ಗೆ ಕೊಟ್ಟ ಸರ್ಟಿಫಿಕೇಟ್‌ನಿಂದ ಪತ್ರಕ್ಕೆ ಸಹಿ ಬಂದರೆ ತಿರಸ್ಕರಿಸಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು: ಪರಿಶೀಲಿಸಿದ ಬೈಟ್‌ಗಳನ್ನೇ ಬಳಸಿ. ಬಹಳ ಕೋಡ್‌ಗಳು ಒಂದು ಕಡೆ ಸಹಿ ನೋಡುತ್ತವೆ, ಇನ್ನೊಂದು ಕಡೆ ಮೂಲ ಫೈಲನ್ನು ಮತ್ತೆ ತೆರೆದು ಮಾಹಿತಿ ಓದುತ್ತವೆ. ಎರಡೂ ಬೇರೆ ಬೇರೆ ಭಾಗ ಓದುವಂತೆ ಮೋಸಗಾರರು ಫೈಲು ಕಟ್ಟುತ್ತಾರೆ. 2012ರಲ್ಲಿ ಜರ್ಮನಿಯ ಸಂಶೋಧಕರು ಎಕ್ಸ್‌ಎಂಎಲ್ ಸಹಿ ಬಳಸುವ 14 ಸ್ಯಾಮಲ್ (ಒಂದೇ ಲಾಗಿನ್‌ನಿಂದ ಹಲವು ಸೈಟಿಗೆ ಹೋಗುವ) ವ್ಯವಸ್ಥೆಗಳನ್ನು ಹೀಗೆ ಪರೀಕ್ಷಿಸಿದಾಗ 11 ಸೋತವು. 2019ರಲ್ಲಿ ಬೋಖುಮ್ ವಿಶ್ವವಿದ್ಯಾಲಯದವರು ಪಿಡಿಎಫ್ ನೋಡುವ 22 ಡೆಸ್ಕ್‌ಟಾಪ್ ಸಾಫ್ಟ್‌ವೇರ್‌ಗಳಲ್ಲಿ 21ನ್ನು ಮೋಸಗೊಳಿಸಿ ತೋರಿಸಿದರು. ಪಿಡಿಎಫ್‌ನಲ್ಲಿ ಸಹಿ ಯಾವ ಬೈಟ್‌ನಿಂದ ಯಾವ ಬೈಟ್‌ವರೆಗೆ ಎಂದು ಬರೆದಿರುತ್ತದೆ. ಅದು ಫೈಲಿನ ಕೊನೆಯವರೆಗೂ ಇದೆಯಾ, ಆಮೇಲೆ ಏನಾದರೂ ಸೇರಿಸಿದ್ದಾರಾ ಎಂದು ನೋಡಲೇಬೇಕು.

ಎಸ್‌ಎಚ್‌ಎ-1 ಸಹಿ ಬಂದರೆ?

ಒಪ್ಪಬೇಡಿ. 2017ರ ಫೆಬ್ರುವರಿಯಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆ ಒಂದೇ ಎಸ್‌ಎಚ್‌ಎ-1 ಹ್ಯಾಶ್ ಇರುವ ಎರಡು ಬೇರೆ ಪಿಡಿಎಫ್‌ಗಳನ್ನು ಮಾಡಿ ತೋರಿಸಿದವು. ಎಂಡಿ5 ಎಂಬ ಇನ್ನೂ ಹಳೆಯ ಹ್ಯಾಶ್ ವಿಧಾನ ಅದಕ್ಕೂ ಮುಂಚೆಯೇ ಮುರಿದಿದೆ.

ಬಳಕೆದಾರರಿಗೆ ಫಲಿತಾಂಶ ಹೇಗೆ ತೋರಿಸಬೇಕು?

ಕನ್ನಡದಲ್ಲಿ, ಪೂರ್ತಿ ವಾಕ್ಯದಲ್ಲಿ. ‘ಇನ್‌ವ್ಯಾಲಿಡ್’ ಅಂತ ಒಂದು ಕೆಂಪು ಪದ ಹಾಕಿದರೆ ಕೌಂಟರ್‌ನಲ್ಲಿ ಕೂತವರಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಫೈಲು ತಿದ್ದಿದ್ದಾರೋ, ಇಂಟರ್‌ನೆಟ್ ಇಲ್ಲವೋ, ಎರಡಕ್ಕೂ ಒಂದೇ ಕೆಂಪು ತೋರಿಸಬಾರದು. ಈ ಥರ ಬರೆದರೆ ಸಾಕು:

‘ಸಹಿ ಆದ ಮೇಲೆ ಈ ಫೈಲು ಬದಲಾಗಿದೆ. ಬಳಸಬೇಡಿ. ಕಳಿಸಿದವರಿಂದ ಮೂಲ ಫೈಲು ಮತ್ತೆ ತರಿಸಿಕೊಳ್ಳಿ.’

‘ಫೈಲು ಬದಲಾಗಿಲ್ಲ. ಆದರೆ ಸಹಿ ಹಾಕಿದವರು ಯಾರೆಂದು ಖಚಿತವಾಗಿಲ್ಲ. ಇವರ ಸರ್ಟಿಫಿಕೇಟ್ ನಮ್ಮ ನಂಬಿಕೆಯ ಪಟ್ಟಿಗೆ ತಲುಪುತ್ತಿಲ್ಲ.’

‘ಫೈಲು ಬದಲಾಗಿಲ್ಲ, ಸಹಿ ಹಾಕಿದವರು ಗೊತ್ತು. ಸರ್ಟಿಫಿಕೇಟ್ ರದ್ದಾಗಿದೆಯೇ ಎಂದು ನೋಡಲು ಆಗಲಿಲ್ಲ. ಇಂಟರ್‌ನೆಟ್ ಬಂದ ಮೇಲೆ ಮತ್ತೆ ಪರಿಶೀಲಿಸಿ.’

ಎಲ್ಲ ಸರಿ ಇದ್ದಾಗಲೂ ಬರೀ ಟಿಕ್ ಬೇಡ. ಯಾರ ಸಹಿ, ಯಾವ ಸಂಸ್ಥೆ ಸರ್ಟಿಫಿಕೇಟ್ ಕೊಟ್ಟಿದೆ, ಸಹಿಯ ಸಮಯ ಟೈಮ್‌ಸ್ಟ್ಯಾಂಪ್‌ನಿಂದ ಬಂದದ್ದೋ ಸಹಿ ಹಾಕಿದವರ ಗಡಿಯಾರದ್ದೋ, ಇವು ಮೂರೂ ಒಂದೊಂದು ಸಾಲಿನಲ್ಲಿ ಇರಲಿ. ‘ಹೇಗಾದರೂ ಮುಂದುವರಿಸು’ ಎಂಬ ಬಟನ್ ಇಡಲೇಬೇಕಾದರೆ ಯಾರು ಒತ್ತಿದರು, ಯಾವಾಗ ಒತ್ತಿದರು ಎಂಬುದು ಲಾಗ್‌ನಲ್ಲಿ ದಾಖಲಾಗಲಿ. ಮೊದಲನೇ ಸಂದೇಶ ಬಂದಾಗ ಮಾತ್ರ ಆ ಬಟನ್ ಇಡಲೇಬೇಡಿ.